ಪಂಚಾಯಿತಿ ಗಣಕಯಂತ್ರದ ಹಾರ್ಡ್ ಡಿಸ್ಕ್: ಕೆಡುವ ಮುನ್ನ ಪರೀಕ್ಷಿಸುವ ಕ್ರಮ

ಭದ್ರಾವತಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಗಣಕಯಂತ್ರ ಚಾಲನೆಗೊಳ್ಳಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿ ನಿಂತಿತು. ಪೆಟ್ಟಿಗೆಯೊಳಗಿನಿಂದ ಟಕ್, ಟಕ್ ಎಂಬ ಸದ್ದು ಒಂದೇ ಲಯದಲ್ಲಿ ಕೇಳಿಬರುತ್ತಿತ್ತು. ಅದಕ್ಕೂ ಮೂರು ವಾರ ಮೊದಲಿನಿಂದ ಯಂತ್ರ ನಿಧಾನವಾಗಿತ್ತು. ಒಂದು ಛಾಯಾಚಿತ್ರ ತೆರೆಯಲು ನಿಮಿಷ ಹಿಡಿಯುತ್ತಿತ್ತು. ಯಂತ್ರ ಹಳೆಯದು, ಮಳೆಗಾಲದಲ್ಲಿ ವಿದ್ಯುತ್ತೂ ಸರಿಯಿಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡಿದ್ದರು. ಶಿವಮೊಗ್ಗ ನಗರದ ದುರಸ್ತಿ ಅಂಗಡಿಯೊಂದಕ್ಕೆ ಅದನ್ನು ಒಯ್ದಾಗ, ಹಾರ್ಡ್ ಡಿಸ್ಕ್ ಒಳಗಿನಿಂದಲೇ ಕೆಟ್ಟಿದೆ, ಅದರಲ್ಲಿರುವುದನ್ನು ಇಲ್ಲಿ ಹೊರತೆಗೆಯಲಾಗದು, ಬೆಂಗಳೂರಿಗೆ ಕಳುಹಿಸಬೇಕು ಎಂಬ ಉತ್ತರ ಬಂದಿತು. ಬೆಂಗಳೂರಿನಿಂದ ಬಂದ ದರಪಟ್ಟಿಯಲ್ಲಿದ್ದ ಮೊತ್ತ ಹೊಸ ಗಣಕಯಂತ್ರದ ಬೆಲೆಗಿಂತ ಹೆಚ್ಚಿತ್ತು. ದತ್ತಾಂಶ ಮರಳಿ ಸಿಗುವ ಭರವಸೆ ಮಾತ್ರ ಅದರಲ್ಲಿರಲಿಲ್ಲ.

ಆ ಪಂಚಾಯಿತಿಯ ಲೆಕ್ಕಪತ್ರಗಳು ನಷ್ಟವಾಗಲಿಲ್ಲ. ಅವು ಪಂಚತಂತ್ರ ತಂತ್ರಾಂಶದ ಮೂಲಕ ರಾಜ್ಯದ ಸರ್ವರ್‌ನಲ್ಲಿದ್ದವು. ನಷ್ಟವಾದದ್ದು ಬೇರೆ. ಆಸ್ತಿ ದಾಖಲೆಗಾಗಿ ಅರ್ಜಿ ಸಲ್ಲಿಸಿದವರ ಹಕ್ಕುಪತ್ರ, ವಿಭಾಗಪತ್ರ ಮತ್ತು ಕ್ರಯಪತ್ರಗಳನ್ನು ಕಚೇರಿಯಲ್ಲಿ ಸ್ಕ್ಯಾನ್ ಮಾಡಿಕೊಂಡು ಮೂಲಪ್ರತಿಗಳನ್ನು ಹಿಂದಿರುಗಿಸಲಾಗಿತ್ತು. ಇನ್ನೂ ತಂತ್ರಾಂಶಕ್ಕೆ ಏರಿಸದ ಆ ಪ್ರತಿಗಳೆಲ್ಲವೂ ಹೋದವು. ಅರ್ಜಿದಾರರಲ್ಲಿ ಒಬ್ಬ ವೃದ್ಧೆಯ ಮನೆಯ ಮೂಲಪತ್ರ ಆ ನಡುವಿನ ಮಳೆಗೆ ಸೋರಿ ಹಾಳಾಗಿತ್ತು. ಅವರು ದೃಢೀಕೃತ ನಕಲಿಗಾಗಿ ಭದ್ರಾವತಿಯ ಉಪನೋಂದಣಿ ಕಚೇರಿಗೆ ಕೂಲಿ ಬಿಟ್ಟು ನಾಲ್ಕು ಬಾರಿ ಅಲೆಯಬೇಕಾಯಿತು. ಮೂರು ವಾರ ಯಂತ್ರ ನಿಧಾನವಾಗಿದ್ದಾಗ ಯಾರಾದರೂ ಹತ್ತು ನಿಮಿಷ ವ್ಯಯಿಸಿ ಡಿಸ್ಕನ್ನು ಪರೀಕ್ಷಿಸಿದ್ದರೆ ಆ ಅಲೆದಾಟ ತಪ್ಪುವ ಸಾಧ್ಯತೆ ಬಹುಮಟ್ಟಿಗೆ ಇತ್ತು. ಆ ಪರೀಕ್ಷೆ ಯಾವುದು, ಅದನ್ನು ಯಾವ ಕ್ರಮದಲ್ಲಿ ನಡೆಸಬೇಕು, ಸಾಮಾನ್ಯ ಸಭೆಯಲ್ಲಿ ಸದಸ್ಯರು ಅದರ ಬಗ್ಗೆ ಏನನ್ನು ಕೇಳಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎಲ್ಲವೂ ಆನ್‌ಲೈನ್‌ನಲ್ಲಿದೆಯೇ?

"ಈಗ ಎಲ್ಲವೂ ಆನ್‌ಲೈನ್, ಕಚೇರಿಯ ಯಂತ್ರ ಕೆಟ್ಟರೆ ಏನಾಯಿತು" ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತು ಅರ್ಧ ಸತ್ಯ. ಪಂಚತಂತ್ರ, ಇ-ಸ್ವತ್ತು, ಉದ್ಯೋಗ ಖಾತರಿ ಯೋಜನೆಯ ಜಾಲತಾಣ ಮತ್ತು ಇ-ಗ್ರಾಮ ಸ್ವರಾಜ್‌ಗಳಲ್ಲಿ ದಾಖಲಿಸಿದ ಮಾಹಿತಿ ಪಂಚಾಯಿತಿಯ ಮೇಜಿನ ಮೇಲಿರುವ ಯಂತ್ರದಲ್ಲಿ ಇರುವುದಿಲ್ಲ. ಆದರೆ ಅಲ್ಲಿಗೆ ಸೇರುವ ಮೊದಲು ಪ್ರತಿಯೊಂದು ಕಾಗದವೂ ಈ ಯಂತ್ರದ ಮೂಲಕವೇ ಹಾದುಹೋಗುತ್ತದೆ, ಹಲವು ಕಾಗದಗಳು ಇಲ್ಲಿಯೇ ಉಳಿದುಬಿಡುತ್ತವೆ. ಗ್ರಾಮಸಭೆಯ ನಡಾವಳಿಯ ಕರಡು, ಕ್ರಿಯಾ ಯೋಜನೆಯ ಪಟ್ಟಿಗಳು, ಕಾಮಗಾರಿ ಆರಂಭಕ್ಕೆ ಮೊದಲು ತೆಗೆದ ಸ್ಥಳದ ಛಾಯಾಚಿತ್ರಗಳು, ನೀರಿನ ಶುಲ್ಕದ ಹಳೆಯ ಬೇಡಿಕೆ ವಹಿಯ ಸ್ಕ್ಯಾನ್ ಪ್ರತಿಗಳು, ಹತ್ತು ವರ್ಷಗಳ ಪತ್ರವ್ಯವಹಾರ, ಇವೆಲ್ಲ ಹೆಚ್ಚಿನ ಕಚೇರಿಗಳಲ್ಲಿ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ, ಒಂದೇ ಪ್ರತಿಯಲ್ಲಿ ಇರುತ್ತವೆ. ಚರಂಡಿ ನಿರ್ಮಾಣಕ್ಕೆ ಮೊದಲು ಆ ಜಾಗ ಹೇಗಿತ್ತು ಎಂದು ಜಮಾಬಂದಿಯಲ್ಲಿ ಗ್ರಾಮಸ್ಥರು ಕೇಳಿದರೆ ತೋರಿಸಬೇಕಾದ ಚಿತ್ರವನ್ನು ಮತ್ತೊಮ್ಮೆ ತೆಗೆಯಲು ಬರುವುದಿಲ್ಲ.

ಕಾನೂನಿನ ಮಾತೂ ಇದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಎ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಸೂಚಿಸಹಿತ ಕ್ರಮಬದ್ಧವಾಗಿ ಇರಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಮಾಹಿತಿ ನಿರಾಕರಿಸಬಹುದಾದ ಕಾರಣಗಳನ್ನು 8ನೇ ಪ್ರಕರಣ ಪಟ್ಟಿ ಮಾಡುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟಿತು ಎಂಬುದು ಆ ಪಟ್ಟಿಯಲ್ಲಿಲ್ಲ.

ಕಾಗದದ ಕಡತಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಕಪಾಟು ತೆರೆದೊಡನೆ ಮಣ್ಣಿನ ವಾಸನೆ ಬರುತ್ತದೆ. ಹಾರ್ಡ್ ಡಿಸ್ಕ್‌ಗೆ ಹಿಡಿದ ಗೆದ್ದಲು ಹಾಗೆ ಕಾಣುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಡಿಸ್ಕ್‌ನ ಒಳಗೆ ನಡೆಯುವುದೇನು?

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕ್ ಒಂದು ದೊಡ್ಡ ಬೀರುವಿನಷ್ಟಿತ್ತು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಎಲ್ಲವೂ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲ್‌ನಲ್ಲಿ ತೆಗೆದ ಎರಡು ಛಾಯಾಚಿತ್ರಗಳಿಗೂ ಆ ಜಾಗ ಸಾಲದು. ಗಾತ್ರ ಕುಗ್ಗಿದೆಯೇ ಹೊರತು ಮೂಲತತ್ತ್ವ ಬದಲಾಗಿಲ್ಲ. ಕಾಂತೀಯ ಲೇಪನವಿರುವ ತಟ್ಟೆಗಳು ಒಂದು ಅಚ್ಚಿನ ಮೇಲೆ ತಿರುಗುತ್ತವೆ. ಅವುಗಳ ಮೇಲೆ ಒಂದು ತೋಳಿನ ತುದಿಯಲ್ಲಿರುವ ಸೂಕ್ಷ್ಮ ಹೆಡ್ ಓಡಾಡುತ್ತ ಬರೆಯುತ್ತದೆ ಮತ್ತು ಓದುತ್ತದೆ. ಕಚೇರಿ ಗಣಕಯಂತ್ರಗಳ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಸಾಗುತ್ತಿರುತ್ತದೆ. ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ; ತಟ್ಟೆಯ ಸುತ್ತಾಟದಿಂದ ಏಳುವ ಗಾಳಿಯ ಪದರದ ಮೇಲೆ ತೇಲುತ್ತದೆ. ಎರಡರ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ತಲೆಗೂದಲಿನ ಒಂದು ಎಳೆ ಅದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ದಪ್ಪ. ಧೂಳಿನ ಕಣವೊಂದು ಒಳಹೊಕ್ಕರೆ ಅಥವಾ ತಿರುಗುತ್ತಿರುವಾಗ ಯಂತ್ರಕ್ಕೆ ಪೆಟ್ಟು ಬಿದ್ದರೆ ಹೆಡ್ ತಟ್ಟೆಗೆ ತಗುಲುತ್ತದೆ, ತಗುಲಿದಲ್ಲಿ ಬರೆದದ್ದು ಅಳಿಯುತ್ತದೆ. ಕೆಟ್ಟ ಡಿಸ್ಕನ್ನು ಸಾಮಾನ್ಯ ಕೊಠಡಿಯಲ್ಲಿ ಬಿಚ್ಚಿ ನೋಡಬಾರದು ಎನ್ನುವುದು ಇದೇ ಕಾರಣಕ್ಕೆ.

ತಟ್ಟೆಯ ಮೇಲ್ಮೈಯನ್ನು ಸೆಕ್ಟರ್ ಎಂಬ ಚಿಕ್ಕ ಚಿಕ್ಕ ಕೋಣೆಗಳಾಗಿ ವಿಭಾಗಿಸಲಾಗಿರುತ್ತದೆ. ಕೋಟಿಗಟ್ಟಲೆ ಸೆಕ್ಟರ್‌ಗಳಲ್ಲಿ ಕೆಲವು ಕಾಲಕ್ರಮದಲ್ಲಿ ಕೆಡುವುದು ಸಹಜ. ತಯಾರಕರು ಇದನ್ನು ಬಲ್ಲವರಾದುದರಿಂದ ಪ್ರತಿ ಡಿಸ್ಕ್‌ನಲ್ಲಿಯೂ ಒಂದಷ್ಟು ಮೀಸಲು ಸೆಕ್ಟರ್‌ಗಳನ್ನು ಇಟ್ಟಿರುತ್ತಾರೆ. ಒಂದು ಸೆಕ್ಟರ್ ಕೆಟ್ಟಿದೆ ಎಂದು ಖಚಿತವಾದಾಗ ಡಿಸ್ಕ್ ಯಾರಿಗೂ ಹೇಳದೆ ಅದರ ಬದಲಿಗೆ ಮೀಸಲಿನದೊಂದನ್ನು ನಿಯೋಜಿಸಿಕೊಳ್ಳುತ್ತದೆ. ಬಳಸುವವರಿಗೆ ಏನೂ ತಿಳಿಯುವುದಿಲ್ಲ. ಈ ಮೌನವೇ ತೊಂದರೆಯ ಮೂಲ: ಡಿಸ್ಕ್ ತನ್ನ ಗಾಯಗಳನ್ನು ತಾನೇ ಮುಚ್ಚಿಕೊಳ್ಳುತ್ತ ಹೋಗಿ, ಮುಚ್ಚಲಾಗದ ದಿನ ಒಮ್ಮೆಲೇ ನಿಲ್ಲುತ್ತದೆ.

ಮಲೆನಾಡಿನ ಅಂಚಿನ ಈ ಭಾಗದಲ್ಲಿ ವಿದ್ಯುತ್ ವ್ಯತ್ಯಯವೂ ಸೇರಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳುಗಳ ಗುಡುಗು ಸಿಡಿಲು, ಮುಂದೆ ಮುಂಗಾರಿನ ಗಾಳಿಮಳೆಗೆ ತಂತಿಯ ಮೇಲೆ ಬೀಳುವ ಮರದ ಕೊಂಬೆ, ಇವುಗಳಿಂದ ದಿನದಲ್ಲಿ ಹಲವು ಬಾರಿ ವಿದ್ಯುತ್ ಹೋಗಿ ಬರುತ್ತದೆ. ವಿದ್ಯುತ್ ಹಠಾತ್ತನೆ ನಿಂತಾಗ ಹೆಡ್ ತಟ್ಟೆಯ ಮೇಲಿಂದ ತನ್ನ ತಂಗುದಾಣಕ್ಕೆ ಅವಸರದಲ್ಲಿ ಮರಳಬೇಕಾಗುತ್ತದೆ, ಬರೆಯುತ್ತಿದ್ದ ಕಡತ ಅರ್ಧಕ್ಕೇ ನಿಲ್ಲುತ್ತದೆ. ಯುಪಿಎಸ್ ಇರುವುದು ಇದಕ್ಕಾಗಿ. ಆದರೆ ಬ್ಯಾಟರಿ ಸತ್ತ ಯುಪಿಎಸ್ ಹಸಿರು ದೀಪ ತೋರಿಸುತ್ತ ಮೇಜಿನ ಕೆಳಗೆ ಕುಳಿತಿರುವ ದೃಶ್ಯ ಅಪರೂಪವೇನಲ್ಲ. ತೆರೆದಿರುವ ಕಡತಗಳನ್ನೆಲ್ಲ ಉಳಿಸಿ ಮುಚ್ಚಿದ ಬಳಿಕ ಗೋಡೆಯ ಸ್ವಿಚ್ಚನ್ನು ಆರಿಸಿದರೆ ಯಂತ್ರ ಐದು ನಿಮಿಷವಾದರೂ ನಡೆಯಬೇಕು. ನಡೆಯದಿದ್ದರೆ ಬ್ಯಾಟರಿ ಬದಲಿಸಬೇಕು.

ಕಣ್ಣು, ಕಿವಿಗೆ ನಿಲುಕುವ ಲಕ್ಷಣಗಳು

ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದವರಿಗೆ ಹೇಳಿಕೊಡಬೇಕಾದ ವಿಷಯ ಇದಲ್ಲ. ಬೇರಿಂಗ್ ಕೆಡುವ ಮೊದಲು ಬಿಸಿಯಾಗುತ್ತದೆ, ಸದ್ದಿನ ಧಾಟಿ ಬದಲಾಗುತ್ತದೆ. ಹಾರ್ಡ್ ಡಿಸ್ಕ್ ಕೂಡ ತಿರುಗುವ ಯಂತ್ರವೇ. ಕೀರಲು ಸದ್ದು ಅಥವಾ ಲಯಬದ್ಧವಾದ ಟಕ್ ಟಕ್ ಸದ್ದು ಕೇಳಿಸಿದರೆ ಹೆಡ್ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ಯತ್ನಿಸುತ್ತಿದೆ ಎಂದರ್ಥ. ಆ ಸದ್ದು ಕೇಳಿದ ಮೇಲೆ ಯಾವ ಪರೀಕ್ಷೆಯನ್ನೂ ಮಾಡಬಾರದು, ಯಂತ್ರವನ್ನು ಆರಿಸಬೇಕು. ಪ್ರತಿ ನಿಮಿಷವೂ ಗಾಯ ದೊಡ್ಡದಾಗುತ್ತಿರುತ್ತದೆ.

ಅಷ್ಟು ಸ್ಪಷ್ಟವಲ್ಲದ ಲಕ್ಷಣಗಳೂ ಇವೆ. ಒಂದು ನಿರ್ದಿಷ್ಟ ಫೋಲ್ಡರ್ ತೆರೆಯುವಾಗ ಮಾತ್ರ ಯಂತ್ರ ಸ್ತಬ್ಧವಾಗುವುದು, ನಿನ್ನೆ ತೆರೆದ ಕಡತ ಇಂದು ತೆರೆಯದಿರುವುದು, ಛಾಯಾಚಿತ್ರದ ಕೆಳಭಾಗ ಬೂದುಬಣ್ಣಕ್ಕೆ ತಿರುಗುವುದು, ಪ್ರತಿ ಬಾರಿ ಚಾಲನೆಗೊಳ್ಳುವಾಗಲೂ ವಿಂಡೋಸ್ ತಾನಾಗಿಯೇ ಡಿಸ್ಕ್ ಪರೀಕ್ಷೆ ಆರಂಭಿಸುವುದು. ನಿಧಾನವಾಗುವುದೊಂದರಿಂದಲೇ ಡಿಸ್ಕ್ ಕೆಟ್ಟಿದೆ ಎನ್ನಲಾಗದು. ವೈರಸ್, ತುಂಬಿತುಳುಕುವ ಸಿ ಡ್ರೈವ್, ಸಾಲದ ರ‍್ಯಾಮ್ ಕೂಡ ಕಾರಣವಾಗಬಹುದು. ಇವುಗಳಲ್ಲಿ ಯಾವುದು ಕಾರಣವೆಂದು ಊಹಿಸುತ್ತ ಕೂರುವ ಬದಲು ಡಿಸ್ಕನ್ನೇ ಕೇಳಬಹುದು.

ಡಿಸ್ಕ್ ತಾನೇ ಬರೆದಿಡುವ ಆರೋಗ್ಯಪತ್ರ

ಇಂದು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಡಿಸ್ಕ್‌ಗಳೂ ತಮ್ಮ ಸ್ಥಿತಿಯನ್ನು ತಾವೇ ದಾಖಲಿಸಿಕೊಳ್ಳುತ್ತವೆ. ಈ ವ್ಯವಸ್ಥೆಗೆ ಸ್ಮಾರ್ಟ್ ಎಂಬ ಹೆಸರಿದೆ. ತಾಯಿ ಕಾರ್ಡ್‌ನಲ್ಲಿ ತಿಂಗಳು ತಿಂಗಳು ತೂಕ, ರಕ್ತದೊತ್ತಡ ಬರೆಯುವಂತೆ ಡಿಸ್ಕ್ ತನ್ನ ತಾಪಮಾನ, ದುಡಿದ ಗಂಟೆಗಳು, ಕೆಟ್ಟ ಸೆಕ್ಟರ್‌ಗಳ ಸಂಖ್ಯೆಗಳನ್ನು ಬರೆಯುತ್ತ ಹೋಗುತ್ತದೆ. ಆ ಕಾರ್ಡನ್ನು ತೆರೆದು ನೋಡುವ ಕೆಲಸ ಮಾತ್ರ ಕಚೇರಿಯದು.

ನೋಡಲು ಹಲವು ದಾರಿಗಳಿವೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫಿಸಿಕಲ್‌ಡಿಸ್ಕ್ ಎಂಬ ಆದೇಶ ಕೊಟ್ಟರೆ ಡಿಸ್ಕ್ ಆರೋಗ್ಯವಾಗಿದೆಯೇ ಇಲ್ಲವೇ ಎಂಬ ಒಂದು ಪದದ ಉತ್ತರ ದೊರೆಯುತ್ತದೆ. ಒಂದೇ ಪದವಾದುದರಿಂದ ಅದು ಸಾಲದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಇಡೀ ಪಟ್ಟಿಯನ್ನು ಒಂದೇ ಪುಟದಲ್ಲಿ ತೋರಿಸುತ್ತದೆ. ಸ್ಥಿತಿ ಚೆನ್ನಾಗಿದ್ದರೆ ನೀಲಿ, ಎಚ್ಚರ ಬೇಕಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು ಬಣ್ಣ ಮೂಡುತ್ತದೆ. ಸೀಗೇಟ್ ಸಂಸ್ಥೆಯ ಸೀಟೂಲ್ಸ್‌ನಂತಹ ತಯಾರಕರ ತಂತ್ರಾಂಶಗಳಲ್ಲಿ ಡಿಸ್ಕನ್ನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂತೆ ಕೇಳಬಹುದು. ಕಿರು ಪರೀಕ್ಷೆಗೆ ಕೆಲವು ನಿಮಿಷ ಸಾಕು. ಪೂರ್ಣ ಪರೀಕ್ಷೆ ಇಡೀ ಮೇಲ್ಮೈಯನ್ನು ಓದುವುದರಿಂದ ಹಲವು ಗಂಟೆ ಹಿಡಿಯುತ್ತದೆ, ಸಂಜೆ ಹಚ್ಚಿ ಬೆಳಿಗ್ಗೆ ನೋಡಬೇಕು. ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು, ಸರ್ಕಾರಿ ಯಂತ್ರವಾದುದರಿಂದ ತಾಲ್ಲೂಕು ಪಂಚಾಯತ್‌ನ ತಾಂತ್ರಿಕ ಸಿಬ್ಬಂದಿಯ ಗಮನಕ್ಕೂ ತರಬೇಕು. ಡಿಸ್ಕ್ ಸರಿಪಡಿಸುತ್ತೇವೆಂದು ಪರದೆಯ ಮೇಲೆ ತಾವಾಗಿಯೇ ಮೂಡುವ ಜಾಹೀರಾತುಗಳನ್ನು ಒತ್ತಿದರೆ ಬರುವುದು ಬೇರೆಯೇ ರೋಗ.

ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲುಗಳಿರಬಹುದು. ಮುಖ್ಯವಾಗಿ ನೋಡಬೇಕಾದವು ಕೆಲವೇ. ಐದನೆಯ ಕ್ರಮಾಂಕದ ಸಾಲು ಇದುವರೆಗೆ ಮೀಸಲಿನಿಂದ ಬದಲಿಸಿಕೊಂಡ ಸೆಕ್ಟರ್‌ಗಳ ಸಂಖ್ಯೆ. 197ನೇ ಕ್ರಮಾಂಕದ್ದು ಓದಲು ಕಷ್ಟವಾಗಿ, ಕೆಟ್ಟಿದೆಯೋ ಇಲ್ಲವೋ ಎಂದು ಇನ್ನೂ ತೀರ್ಮಾನವಾಗದೆ ಬಾಕಿ ಉಳಿದ ಸೆಕ್ಟರ್‌ಗಳದು. 198ನೆಯದು ಎಷ್ಟು ಯತ್ನಿಸಿದರೂ ಓದಲಾಗದವುಗಳದು. ಈ ಮೂರೂ ಸೊನ್ನೆಯಾಗಿರಬೇಕು. ಐದನೆಯ ಸಾಲಿನಲ್ಲಿ ಸಣ್ಣ ಸಂಖ್ಯೆಯೊಂದು ತಿಂಗಳುಗಟ್ಟಲೆ ಬದಲಾಗದೆ ನಿಂತಿದ್ದರೆ ಡಿಸ್ಕ್ ಇನ್ನೂ ಕೆಲ ಕಾಲ ನಡೆದೀತು. ಅದೇ ಸಂಖ್ಯೆ ಜೂನ್‌ನಲ್ಲಿ 8, ಜುಲೈನಲ್ಲಿ 40, ಆಗಸ್ಟ್‌ನಲ್ಲಿ 200 ಆದರೆ ಬಾಳಿಕೆ ಮುಗಿಯುತ್ತ ಬಂದಿದೆ. ಸಂಖ್ಯೆಗಿಂತ ಅದರ ಏರಿಕೆ ಮುಖ್ಯ. ಏರಿಕೆ ತಿಳಿಯಬೇಕಾದರೆ ಹಿಂದಿನ ತಿಂಗಳ ಸಂಖ್ಯೆ ಎಲ್ಲಿಯಾದರೂ ಬರೆದಿರಬೇಕು.

199ನೇ ಸಾಲು ಏರುತ್ತಿದ್ದು ಉಳಿದ ಮೂರೂ ಸೊನ್ನೆಯಾಗಿದ್ದರೆ ದೋಷ ಬಹುತೇಕ ಡಿಸ್ಕ್‌ನದಲ್ಲ, ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಕೇಬಲ್‌ನದು. ಅಲ್ಪ ಬೆಲೆಯ ಕೇಬಲ್ ಬದಲಿಸುವುದರಿಂದ ಮುಗಿಯುವ ಕೆಲಸಕ್ಕೆ ಹೊಸ ಡಿಸ್ಕ್ ಖರೀದಿಯ ಬಿಲ್ಲು ಬಂದರೆ ಸದಸ್ಯರು ಈ ಸಾಲನ್ನು ತೋರಿಸುವಂತೆ ಕೇಳಬಹುದು. ಒಂಬತ್ತನೆಯ ಸಾಲು ಡಿಸ್ಕ್ ದುಡಿದ ಗಂಟೆಗಳನ್ನು ಹೇಳುತ್ತದೆ. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಎಂದರೆ ವರ್ಷಕ್ಕೆ 2,400 ಗಂಟೆ. ಅದರಂತೆ 14,400 ಎಂದಿದ್ದರೆ ಆರು ವರ್ಷದ ದುಡಿಮೆ. ಹೊಸತೆಂದು ಖರೀದಿಸಿದ ಡಿಸ್ಕ್ ಮೊದಲ ದಿನವೇ ಸಾವಿರಾರು ಗಂಟೆ ತೋರಿಸಿದರೆ ಅದು ಹೊಸತಲ್ಲ. ದಾಸ್ತಾನು ವಹಿಗೆ ತೆಗೆದುಕೊಳ್ಳುವ ಮೊದಲೇ ಹಿಂದಿರುಗಿಸಬೇಕು. 194ನೆಯದು ತಾಪಮಾನ. ಅದು 50 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಫ್ಯಾನು ನಿಂತಿದೆಯೇ, ಪೆಟ್ಟಿಗೆಯಲ್ಲಿ ಧೂಳು ಕಟ್ಟಿದೆಯೇ, ಯಂತ್ರವನ್ನು ಗೋಡೆಗೆ ಒತ್ತಿ ಇಡಲಾಗಿದೆಯೇ ನೋಡಬೇಕು.

ಒಂದು ತಾಂತ್ರಿಕ ಎಚ್ಚರಿಕೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ಕ್ರಮಾಂಕಗಳನ್ನೂ ಮೌಲ್ಯಗಳನ್ನೂ ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ. ಅಲ್ಲಿ 197 ಎಂಬುದು ಸಿ5, 198 ಎಂಬುದು ಸಿ6, 199 ಎಂಬುದು ಸಿ7, 194 ಎಂಬುದು ಸಿ2 ಎಂದು ಕಾಣುತ್ತದೆ. ಮೌಲ್ಯದ ಕಡೆ 10 ಎಂದಿದ್ದರೆ ಅದು ಹತ್ತಲ್ಲ, ಹದಿನಾರು. ಮೌಲ್ಯಗಳನ್ನು ದಶಮಾನಕ್ಕೆ ಬದಲಿಸುವ ಆಯ್ಕೆ ತಂತ್ರಾಂಶದಲ್ಲಿಯೇ ಇದೆ. ವಹಿಯಲ್ಲಿ ಬರೆಯುವ ಮೊದಲು ಬದಲಿಸಿಕೊಳ್ಳುವುದು ಒಳ್ಳೆಯದು. ಸೀಗೇಟ್ ಡಿಸ್ಕ್‌ಗಳಲ್ಲಿ ಒಂದನೆಯ ಮತ್ತು ಏಳನೆಯ ಸಾಲುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಾಣುವುದುಂಟು. ಅದು ಆ ತಯಾರಕರ ಲೆಕ್ಕದ ರೀತಿ, ಕಂಡು ಗಾಬರಿಯಾಗಬೇಕಿಲ್ಲ.

ಇತ್ತೀಚಿನ ಯಂತ್ರಗಳಲ್ಲಿರುವ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವಿಲ್ಲ. ಅವು ಸದ್ದಿಲ್ಲದೆ ಕೆಡುತ್ತವೆ, ಕೆಲವೊಮ್ಮೆ ಒಂದು ಬೆಳಿಗ್ಗೆ ಯಂತ್ರಕ್ಕೆ ಕಾಣಿಸುವುದನ್ನೇ ನಿಲ್ಲಿಸುತ್ತವೆ. ಅವುಗಳ ಪಟ್ಟಿಯೂ ಬೇರೆ. ಸವೆತದ ಶೇಕಡಾವಾರು ಪ್ರಮಾಣ ಮತ್ತು ಉಳಿದ ಮೀಸಲು ಎಷ್ಟು ಎಂಬುದನ್ನು ಅಲ್ಲಿ ನೋಡಬೇಕು.

ಪರೀಕ್ಷೆ ಹೇಳದಿರುವುದು

ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಸಂಸ್ಥೆಯ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೇಲ್ಮೈ ಪರಿಶೋಧನೆಯಲ್ಲಿ ಮೊದಲ ದೋಷ ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಟ್ಟುಹೋಗುವ ಸಂಭವ, ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದು ಅವರು ಕಂಡುಕೊಂಡರು. ಅದೇ ಅಧ್ಯಯನದ ಇನ್ನೊಂದು ಮಾತು ಅಷ್ಟೇ ಗಮನಾರ್ಹ: ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದರಲ್ಲಿಯೂ ಮುನ್ಸೂಚನೆ ನೀಡಿರಲಿಲ್ಲ.

ಎಂದರೆ ಡಿಸ್ಕ್ ಕೆಟ್ಟಿದೆ ಎಂದು ಪರೀಕ್ಷೆ ಹೇಳಿದರೆ ನಂಬಬೇಕು. ಚೆನ್ನಾಗಿದೆ ಎಂದು ಹೇಳಿದರೆ ನಿಶ್ಚಿಂತರಾಗಬಾರದು. ನೀಲಿ ಬಣ್ಣ ಕಂಡಿತೆಂದು ನಕಲು ತೆಗೆಯುವುದನ್ನು ಮುಂದೂಡಿದ ಕಚೇರಿಗೂ ಪರೀಕ್ಷೆಯನ್ನೇ ಮಾಡದ ಕಚೇರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಮೊದಲು ನಕಲು, ಆಮೇಲೆ ದುರಸ್ತಿ

ಹೆಚ್ಚು ಹಾನಿಯಾಗುವುದು ಇಲ್ಲಿ, ಅದೂ ಒಳ್ಳೆಯ ಉದ್ದೇಶದಿಂದ. ವಿಂಡೋಸ್‌ನಲ್ಲಿಯೇ ಇರುವ ಚೆಕ್ ಡಿಸ್ಕ್ ಎಂಬ ಸೌಲಭ್ಯ ಬಹಳ ಜನರಿಗೆ ಗೊತ್ತು. ಡ್ರೈವ್‌ನ ಚಿಹ್ನೆಯ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ಆಯ್ದು, ಅಲ್ಲಿಂದಲೇ ಅದನ್ನು ನಡೆಸಬಹುದು. ಅದು ಮಾಡುವ ಕೆಲಸವೇನೆಂದು ಸ್ಪಷ್ಟವಾಗಿ ತಿಳಿದಿರಬೇಕು. ಒಂದು ವಹಿಯಲ್ಲಿ ಎರಡು ಬಗೆಯ ದೋಷ ಇರಬಹುದು: ಮುಂಪುಟದ ಸೂಚಿಯಲ್ಲಿ ಪುಟಸಂಖ್ಯೆಗಳು ತಪ್ಪಾಗಿರಬಹುದು, ಇಲ್ಲವೇ ಒಳಗಿನ ಪುಟಗಳೇ ಹರಿದಿರಬಹುದು. ಚೆಕ್ ಡಿಸ್ಕ್ ಮೂಲತಃ ಸೂಚಿಯನ್ನು ತಿದ್ದುವ ಸಾಧನ. ವಿದ್ಯುತ್ ಹಠಾತ್ತನೆ ಹೋಗಿ ಸೂಚಿ ಗೊಂದಲವಾಗಿದ್ದರೆ ಅದು ಬಹಳ ಉಪಯುಕ್ತ. ಪುಟಗಳೇ ಹರಿಯುತ್ತಿರುವ ಡಿಸ್ಕ್‌ನ ಮೇಲೆ ಅದರ ಆಳದ ಪರೀಕ್ಷೆಯನ್ನು ಹಚ್ಚಿದರೆ ಸೋತ ಹೆಡ್ ಗಂಟೆಗಟ್ಟಲೆ ಗಾಯದ ಮೇಲೆಯೇ ಓಡಾಡುತ್ತದೆ; ಓದಲಾಗದ ತುಣುಕುಗಳನ್ನು ಚೆಕ್ ಡಿಸ್ಕ್ ಕಡತದಿಂದ ಬೇರ್ಪಡಿಸಿಬಿಡುತ್ತದೆ. ಮರಳಿ ಪಡೆಯಬಹುದಾಗಿದ್ದ ಕಡತ ಅಲ್ಲಿಗೆ ಮುಗಿಯಿತು.

ಆದುದರಿಂದ ಆರೋಗ್ಯಪತ್ರದಲ್ಲಿ ಹಳದಿ ಅಥವಾ ಕೆಂಪು ಕಂಡೊಡನೆ ಮಾಡಬೇಕಾದ ಮೊದಲ ಕೆಲಸ ನಕಲು. ಅದರಲ್ಲಿಯೂ ಬೇರೆಲ್ಲಿಯೂ ಇಲ್ಲದ ಕಡತಗಳು ಮೊದಲು: ಸ್ಕ್ಯಾನ್ ಮಾಡಿದ ಅರ್ಜಿಗಳು, ಛಾಯಾಚಿತ್ರಗಳು, ನಡಾವಳಿಗಳು. ತಂತ್ರಾಂಶಗಳನ್ನು ಮತ್ತೆ ಹಾಕಿಕೊಳ್ಳಬಹುದು, ಅವುಗಳಿಗೆ ಸಮಯ ಕಳೆಯಬಾರದು. ಒಂದು ಫೋಲ್ಡರ್‌ನಲ್ಲಿ ಯಂತ್ರ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ, ಕೊನೆಯಲ್ಲಿ ಹಿಂದಿರುಗಬೇಕು. ನಕಲು ಮುಗಿದು, ಒಂದೆರಡು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದ ನಂತರವೇ ಚೆಕ್ ಡಿಸ್ಕ್ ಇತ್ಯಾದಿ. ಆ ವೇಳೆಗೆ ಡಿಸ್ಕ್ ಬದಲಿಸುವುದೇ ಸರಿಯಾದ ದಾರಿ ಎಂದು ತೋರುತ್ತದೆ.

ಕೆಟ್ಟ ಮೇಲೆ ದತ್ತಾಂಶ ಹೊರತೆಗೆಯುವುದರ ಬಗ್ಗೆ ಅತಿಯಾದ ಭರವಸೆ ಬೇಡ. ಸೂಚಿ ನಾಶವಾದ ಡಿಸ್ಕ್‌ನಿಂದ ಹೊರಬರುವ ಕಡತಗಳಿಗೆ ಅನೇಕ ಸಲ ಹೆಸರೇ ಇರುವುದಿಲ್ಲ. ಸಾವಿರಾರು ಕಡತಗಳು ಬರಿಯ ಸಂಖ್ಯೆಗಳಾಗಿ ಬರುತ್ತವೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಿಸಿದ ನಡಾವಳಿಗಳಾದರೆ ಇನ್ನೂ ಕಷ್ಟ. ಅವುಗಳಲ್ಲಿ ಊರಿನ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪಿಸಿ ಹುಡುಕಿದರೆ ಯಂತ್ರಕ್ಕೆ ಸಿಗುವುದಿಲ್ಲ, ಒಂದೊಂದನ್ನೂ ತೆರೆದು ಕಣ್ಣಿನಿಂದಲೇ ಓದಬೇಕು.

ನಕಲಿನ ಕ್ರಮ ಸರಳ. ಎರಡು ಹೊರ ಡಿಸ್ಕ್‌ಗಳನ್ನು ಇಟ್ಟುಕೊಂಡು ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ನಕಲು ಮಾಡುವುದು. ಬಳಸದ ಡಿಸ್ಕನ್ನು ಬೇರೆ ಕಟ್ಟಡದಲ್ಲಿ, ಉದಾಹರಣೆಗೆ ಪಂಚಾಯಿತಿಯ ಗ್ರಂಥಾಲಯದ ಬೀಗವಿರುವ ಕಪಾಟಿನಲ್ಲಿ ಇಡುವುದು. ನಕಲು ಮುಗಿದೊಡನೆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಬೇಕು. ಸದಾ ಜೋಡಿಸಿಯೇ ಇದ್ದರೆ ಸಿಡಿಲಿಗೂ ವೈರಸ್‌ಗೂ ಎರಡೂ ಪ್ರತಿಗಳು ಒಟ್ಟಿಗೆ ಬಲಿಯಾಗುತ್ತವೆ. ಪೆನ್‌ಡ್ರೈವ್ ಕಡತ ಒಯ್ಯಲು ಸರಿ, ಕಾಪಿಡಲು ಅಲ್ಲ. ಇದರ ವೆಚ್ಚ ಪಂಚಾಯಿತಿಯ ಸ್ವಂತ ಸಂಪನ್ಮೂಲಕ್ಕೆ ಭಾರವಾಗುವಂಥದ್ದಲ್ಲ. ಭಾರವಾಗುವುದು ವಾರ ವಾರ ನೆನಪಿಟ್ಟು ಮಾಡುವ ಶಿಸ್ತು.

ಸಭೆಯಲ್ಲಿ ಕೇಳಬಹುದಾದದ್ದು

ಸದಸ್ಯರು ತಾವೇ ಯಂತ್ರದ ಮುಂದೆ ಕುಳಿತು ಪರೀಕ್ಷಿಸಬೇಕೆಂಬ ನಿರೀಕ್ಷೆ ಇಲ್ಲ. ಗಣಕಯಂತ್ರ ನಿರ್ವಾಹಕರು ತಿಂಗಳಿಗೊಮ್ಮೆ ಒಂದು ಸಣ್ಣ ವಹಿಯಲ್ಲಿ ದಿನಾಂಕ, ಡಿಸ್ಕ್‌ನ ಕ್ರಮಸಂಖ್ಯೆ, 5, 9, 194, 197, 198, 199ನೇ ಸಾಲುಗಳ ಸಂಖ್ಯೆ ಮತ್ತು ಕೊನೆಯ ನಕಲು ತೆಗೆದ ದಿನಾಂಕ ಬರೆದು ಸಹಿ ಮಾಡಿದರೆ ಸಾಕು. ಆ ವಹಿಯನ್ನು ಸಭೆಯಲ್ಲಿ ತರಿಸಿ ಹಿಂದಿನ ತಿಂಗಳ ಸಾಲಿನೊಡನೆ ಹೋಲಿಸಲು ಗಣಕಜ್ಞಾನ ಬೇಕಿಲ್ಲ. ಬೇಡಿಕೆ, ವಸೂಲಿ, ಬಾಕಿ ಓದಬಲ್ಲವರು ಇದನ್ನೂ ಓದಬಲ್ಲರು. ವರ್ಷಕ್ಕೆರಡು ಬಾರಿ ಯಾರಾದರೂ ಸದಸ್ಯರು ತಮ್ಮ ವಾರ್ಡಿನ ಒಂದು ಹಳೆಯ ಕಾಮಗಾರಿಯ ಹೆಸರು ಹೇಳಿ, ಅದರ ಛಾಯಾಚಿತ್ರವನ್ನು ನಕಲು ಡಿಸ್ಕ್‌ನಿಂದಲೇ ತೆರೆದು ತೋರಿಸುವಂತೆ ಕೋರಬೇಕು. ತೆರೆಯದ ನಕಲನ್ನು ನಕಲೆಂದು ಲೆಕ್ಕ ಹಿಡಿಯಲಾಗದು.

ಕೆಟ್ಟ ಡಿಸ್ಕ್‌ನ ವಿಲೇವಾರಿಯನ್ನೂ ಸದಸ್ಯರು ಗಮನಿಸಬೇಕು. ಅದರಲ್ಲಿ ಗ್ರಾಮಸ್ಥರ ಆಧಾರ್ ಪ್ರತಿಗಳು, ಬ್ಯಾಂಕ್ ಪುಸ್ತಕದ ಮೊದಲ ಪುಟಗಳು, ಮೊಬೈಲ್ ಸಂಖ್ಯೆಗಳು ಇರುತ್ತವೆ. ಯಂತ್ರ ದುರಸ್ತಿಗೆ ಹೋಗುವಾಗ ಡಿಸ್ಕ್‌ನ ಕ್ರಮಸಂಖ್ಯೆಯನ್ನು ರಸೀತಿಯಲ್ಲಿ ಬರೆಸಿಕೊಳ್ಳಬೇಕು. ಬದಲಿಸಿದರೆ ಹಳೆಯದನ್ನು ಹಿಂಪಡೆಯಬೇಕು. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಯಿತು ಎಂಬುದು ತಪ್ಪು ತಿಳಿವಳಿಕೆ: ತ್ವರಿತ ಫಾರ್ಮ್ಯಾಟ್ ಅಳಿಸುವುದು ಸೂಚಿಯನ್ನು ಮಾತ್ರ, ಪುಟಗಳು ಹಾಗೆಯೇ ಇರುತ್ತವೆ. ವಾರಂಟಿಯಡಿ ಹೊಸ ಡಿಸ್ಕ್ ಬೇಕಾದರೆ ಹಳೆಯದನ್ನು ಕೊಡಲೇಬೇಕಾಗುತ್ತದೆ. ಡಿಸ್ಕ್ ಇನ್ನೂ ನಡೆಯುತ್ತಿದ್ದರೆ ಪೂರ್ಣವಾಗಿ ಅಳಿಸಿ ಕೊಡಬಹುದು. ನಡೆಯದಿದ್ದರೆ ವಾರಂಟಿಯ ಲಾಭ ಬಿಟ್ಟು ಹೊಸತನ್ನು ಕೊಳ್ಳುವುದೇ ಲೇಸು. ಹಳೆಯ ಡಿಸ್ಕನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ ಬೀಗದಲ್ಲಿಟ್ಟು, ಮುಂದೆ ತಟ್ಟೆಗಳನ್ನು ರಂಧ್ರ ಕೊರೆದು ನಾಶಪಡಿಸಿ, ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಒಪ್ಪಿಸಬೇಕು. ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಬಾರದು.